ಎರಡು ನೀಲಿ ಮುಚ್ಚಳ

ನಡುರಾತ್ರಿ ಅಡುಗೆಮನೆಯ ಕಡೆಯಿಂದ ಟಕ್ ಎಂದು ಒಂದು ಸಣ್ಣ ಸದ್ದಾಯಿತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ, ಅತ್ತೆ, ಎಂದು ಕಣ್ಣು ಬಿಡುವ ಮೊದಲೇ ಅವಳ ಕಿವಿ ಹೇಳಿತು. ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ಅತ್ತೆ ಹಗಲು ಹೊತ್ತು ಆ ಡಬ್ಬಿಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ರಾತ್ರಿ ತಿಂದದ್ದು ಲೆಕ್ಕಕ್ಕಿಲ್ಲ ಎಂದು ತಮ್ಮಷ್ಟಕ್ಕೆ ಒಂದು ಕಾನೂನು ಮಾಡಿಕೊಂಡಂತಿತ್ತು. ಬೇರೆ ದಿನವಾಗಿದ್ದರೆ ಅವಳು ಮಗ್ಗುಲು ಬದಲಿಸಿ ಮಲಗಿಬಿಡುತ್ತಿದ್ದಳು. ಈ ರಾತ್ರಿ ಆ ಸದ್ದು ಕಿವಿಯಲ್ಲಿ ನಿಲ್ಲದೆ ಇನ್ನೂ ಒಳಕ್ಕೆ ಇಳಿಯಿತು. ಮುಚ್ಚಳ. ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಎರಡು ಟ್ಯೂಬುಗಳ ನೀಲಿ ಮುಚ್ಚಳ ತೆಗೆದದ್ದು ನೆನಪಿತ್ತು. ಎರಡನ್ನೂ ಅಂಗಾತ ಇಟ್ಟದ್ದು ನೆನಪಿತ್ತು. ಆಮೇಲೆ ಯಾವುದನ್ನು ಯಾವುದಕ್ಕೆ ಹಾಕಿದೆ? ಅವಳು ಎದ್ದು ಕೂತಳು. ಪಕ್ಕದಲ್ಲಿ ಗಂಡ ಬಾಯಿ ಅರ್ಧ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ಆ ಬಾಯಿಯನ್ನು ನೋಡಿದರೂ ಅವಳಿಗೆ ಮುಚ್ಚಬೇಕೆನ್ನಿಸಿತು.

ಟ್ಯೂಬೆಂದರೆ ಕಿರುಬೆರಳ ಗಾತ್ರದ್ದು. ಎರಡರಲ್ಲೂ ಎಚ್‌ಐವಿ ವೈರಸ್ಸು, ಅದೂ ಬಾಲ ಕತ್ತರಿಸಿದಂಥದು: ಒಂದು ಸಲ ಜೀವಕೋಶದೊಳಕ್ಕೆ ಹೋಗಬಲ್ಲದೇ ಹೊರತು ಒಳಗೆ ಮರಿ ಹಾಕಲಾರದು. ಮೊದಲನೆಯದು ನೆಫ್ ಎಂಬ ಪ್ರೋಟೀನಿನ ಜೊತೆಯಲ್ಲಿ ತಯಾರಾದ ವೈರಸ್ಸು, ಅದರ ಮುಚ್ಚಳದ ಮೇಲೆ ಕೂಡಿಸುವ ಗುರುತು. ಎರಡನೆಯದು ನೆಫ್ ಇಲ್ಲದೆ ತಯಾರಾದದ್ದು, ಅದರ ಮುಚ್ಚಳದ ಮೇಲೆ ಕಳೆಯುವ ಗುರುತು. ಫ್ರೀಜರಿನಿಂದ ತಂದದ್ದು ಪೂರ್ತಿ ಕರಗಿದೆಯೇ ಎಂದು ನೋಡಲು ಅವಳು ಎರಡನ್ನೂ ಒಟ್ಟಿಗೆ ತೆರೆದಿದ್ದಳು. ಒಳಭಾಗಕ್ಕೆ ಏನೂ ಅಂಟದಿರಲೆಂದು ಮುಚ್ಚಳಗಳನ್ನು ಅಂಗಾತ ಇಡುವುದು ಅವರ ಕಸುಬಿನ ಪದ್ಧತಿ. ಹಾಗೆ ಇಟ್ಟರೆ ಗುರುತು ಕೆಳಮುಖವಾಗುತ್ತದೆ. ಆಗ ಬಾಗಿಲಿನಿಂದ ಯಾರೋ ಕರೆದರು, ಅವಳು ತಲೆ ತಿರುಗಿಸಿದಳು, ಮತ್ತೆ ಈ ಕಡೆ ತಿರುಗಿದಳು, ಮುಚ್ಚಳ ಹಾಕಿದಳು. ಆ ತಿರುಗಿದ ಮತ್ತು ಹಾಕಿದ ನಡುವೆ ಏನೂ ಇರಲಿಲ್ಲ. ಬಿಳಿ ಕಾಗದದ ಮೇಲೆ ಎರಡು ನೀಲಿ ವೃತ್ತಗಳು, ಅಷ್ಟೆ. ಗುರುತನ್ನು ಟ್ಯೂಬಿನ ಮೈಮೇಲೂ ಬರೆದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಆದರೆ ಆ ಬ್ಯಾಚಿನಲ್ಲಿ ಕೊನೆಗೆ ತುಂಬಿದ ಎರಡು ಟ್ಯೂಬಿಗೆ, ಊಟದ ಹೊತ್ತಾಯಿತೆಂದು, ಅವಳು ಮುಚ್ಚಳದ ಮೇಲೆ ಮಾತ್ರ ಗುರುತು ಹಾಕಿದ್ದಳು. ಫ್ರೀಜರಿನ ಬಾಗಿಲ ಮೇಲೆ ಒಂದು ಸೂಚನೆ ಅಂಟಿಸಿದೆ: ‘ದಯವಿಟ್ಟು ಮುಚ್ಚಳದ ಮೇಲೆ ಮಾತ್ರ ಬರೆಯಬೇಡಿ. ಮುಚ್ಚಳಕ್ಕೆ ಕಾಲಿಲ್ಲದಿದ್ದರೂ ಅದು ನಡೆಯುತ್ತದೆ.’ ಆ ಸೂಚನೆಯನ್ನು ಬರೆದವಳೂ ಅವಳೇ. ‘ಕಾಲಿಲ್ಲದಿದ್ದರೂ’ ಎಂಬಲ್ಲಿ ಅರ್ಧ ದಿನ ಯೋಚಿಸಿದ್ದಳು, ಅದನ್ನು ಯಾರಾದರೂ ಮೆಚ್ಚಿಯಾರು ಎಂದು ಆರು ವರ್ಷ ಕಾದಿದ್ದಳು.

ಗಂಡನನ್ನು ಎಬ್ಬಿಸಿ ಹೇಳಿದಳು. ಅವನು ಕಣ್ಣು ಬಿಡದೆಯೇ, “ಇನ್ನೊಂದು ಸಲ ಮಾಡಿ ನೋಡು” ಎಂದು ಆ ಕಡೆ ತಿರುಗಿದ. ಇಷ್ಟು ಸರಿಯಾದ ಮಾತನ್ನು ಇಷ್ಟು ಬೇಗ ಹೇಳುವವರ ಮೇಲೆ ಅವಳಿಗೆ ಮೊದಲಿನಿಂದಲೂ ಸಿಟ್ಟು. ಇನ್ನೊಂದು ಸಲ ಮಾಡುವುದಕ್ಕೆ ಮೂರು ದಿನ ಬೇಕು ಎಂಬುದು ಅವನಿಗೆ ಗೊತ್ತಿಲ್ಲ. ಅಷ್ಟರಲ್ಲಿ ಲ್ಯಾಬಿನ ಮುಖ್ಯಸ್ಥರಾದ ಮೇಷ್ಟ್ರು ಬುಧವಾರದ ವಿಚಿತ್ರ ಫಲಿತಾಂಶವನ್ನು ಊರಿಗೆಲ್ಲ ಹೇಳಿಬಿಟ್ಟಿರುತ್ತಾರೆ ಎಂಬುದೂ ಗೊತ್ತಿಲ್ಲ. ಈ ಮೂವತ್ತಕ್ಕೆ ಅವಳ ಕೆಲಸದ ಅವಧಿ ಮುಗಿಯುವುದು ಮಾತ್ರ ಅವನಿಗೆ ಗೊತ್ತಿತ್ತು. ಹದಿಮೂರು ವರ್ಷದಿಂದ ಅದೇ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದರೂ ಆ ಹದಿಮೂರು ವರ್ಷ ಅವಳಿಗೆ ಹನ್ನೊಂದು ಹನ್ನೊಂದು ತಿಂಗಳ ತುಂಡುಗಳಾಗಿಯೇ ಸಿಕ್ಕಿತ್ತು. ಪ್ರತಿ ತುಂಡಿನ ಕೊನೆಗೂ ಮೇಷ್ಟ್ರು ಒಂದು ಕಾಗದಕ್ಕೆ ಸಹಿ ಹಾಕಬೇಕು. ಈ ಸಲದ ಕಾಗದ ಅವರ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೆ ಹದಿನೈದು ದಿನದಿಂದ ಕೂತಿತ್ತು. ಸಹಿ ಬಿದ್ದರೆ ಕೂಡಿಸುವ ಗುರುತು, ಬೀಳದಿದ್ದರೆ ಕಳೆಯುವ ಗುರುತು.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವಳ ಮುಖ ನೋಡಿ ಅತ್ತೆ ಏನಾಯಿತೆಂದು ಕೇಳಿದರು. ಬಿಸ್ಕತ್ತಿನ ವಿಷಯ ಬಂದೀತೆಂಬ ಹೆದರಿಕೆಯಿಂದಲೋ ಏನೋ, ಅವರಿಗೆ ಅಂದು ಸೊಸೆಯ ಕೆಲಸದಲ್ಲಿ ಎಲ್ಲಿಲ್ಲದ ಆಸಕ್ತಿ. ಆ ವೈರಸ್ಸು ಮಾಡುವುದಾದರೂ ಏನು ಎಂದರು. ಅವಳು ಹೇಳಿದಳು. ಜೀವಕೋಶವೆಂದರೆ ಮನೆ ಎಂದಿಟ್ಟುಕೊಳ್ಳಿ. ಅದರ ಹೊರಮೈಯಲ್ಲಿ ಸೆರಿಂಕ್ ಎಂಬ ಕಾವಲುಗಾರ ಇರುತ್ತಾನೆ. ಹೊಸ ವೈರಸ್ಸು ಮನೆಯಿಂದ ಹೊರಡುವಾಗ ಗೋಡೆಯ ಸುಣ್ಣವನ್ನೇ ಕಿತ್ತು ಹೊದ್ದುಕೊಂಡು ಹೋಗುತ್ತದೆ. ಆ ಹೊದಿಕೆಯಲ್ಲಿ ಸೆರಿಂಕ್ ಸಿಕ್ಕಿಕೊಂಡರೆ ಮುಂದಿನ ಮನೆಯ ಬಾಗಿಲಲ್ಲಿ ವೈರಸ್ಸು ಒಳಗೆ ಹೋಗಲಾಗದೆ ಒದ್ದಾಡುತ್ತದೆ. ಅದಕ್ಕೇ ವೈರಸ್ಸು ನೆಫ್ ಎಂಬವನನ್ನು ಮೊದಲೇ ಒಳಗೆ ಬಿಟ್ಟಿರುತ್ತದೆ. ನೆಫ್‌ಗೆ ಕತ್ತರಿ ಇಲ್ಲ, ಚಾಕು ಇಲ್ಲ, ಸ್ವಂತವಾಗಿ ಏನನ್ನೂ ಕತ್ತರಿಸಲಾರ, ಅಂಟಿಸಲಾರ. ಒಂದು ಕೈಯಲ್ಲಿ ಕಾವಲುಗಾರನನ್ನು ಹಿಡಿಯುತ್ತಾನೆ, ಇನ್ನೊಂದು ಕೈಯಲ್ಲಿ ಮನೆಯ ಕಸ ಸಾಗಿಸುವವನನ್ನು ಹಿಡಿಯುತ್ತಾನೆ, ಇಬ್ಬರಿಗೂ ಪರಿಚಯ ಮಾಡಿಸುತ್ತಾನೆ, ಅಷ್ಟೆ. ಮಿಕ್ಕದ್ದನ್ನು ಮನೆಯವರೇ ಮಾಡಿ ಮುಗಿಸುತ್ತಾರೆ. ಕಾವಲುಗಾರ ಕಸದ ಜೊತೆ ಹೋಗುತ್ತಾನೆ, ಹೊರಟ ವೈರಸ್ಸು ಶುದ್ಧ ಹೊದಿಕೆ ಹೊದ್ದು ಮುಂದಿನ ಮನೆಗೆ ಸಲೀಸಾಗಿ ನುಗ್ಗುತ್ತದೆ.

ಅತ್ತೆ ಲೋಟ ಕೆಳಗಿಟ್ಟು, “ಅಂದ್ರೆ ಅವನು ಕೈಯಾರೆ ಏನೂ ಮಾಡಲ್ಲ” ಎಂದರು.

“ಏನೂ ಮಾಡಲ್ಲ ಅತ್ತೆ.”

“ಸುಮ್ನೆ ಅವರಿವರ ಹತ್ರ ಮಾತಾಡ್ತಾನೆ, ಮನೇಲಿ ಒಬ್ರು ಇಲ್ಲವಾಗ್ತಾರೆ.”

“ಹ್ಞೂ, ಒಂಥರಾ ಹಾಗೇ.”

“ನನ್ನ ನಾದಿನಿ ಕಣೇ ಅದು” ಎಂದು ಅತ್ತೆ ತೀರ್ಪು ಕೊಟ್ಟು, ಬರಿ ಕಾಫಿ ಕುಡಿಯುತ್ತಿರುವುದು ಎಲ್ಲರಿಗೂ ಕಾಣಲಿ ಎಂಬಂತೆ ಲೋಟವನ್ನು ಎತ್ತಿ ಹಿಡಿದು ಕುಡಿದರು.

ಬಸ್ಸಿನಲ್ಲಿ ನಿಂತು ಹೋಗುವಾಗ ಅವಳಿಗೆ ಬುಧವಾರದ ಮಧ್ಯಾಹ್ನ ಮತ್ತೆ ಮತ್ತೆ ಬಂತು. ಆ ಮಧ್ಯಾಹ್ನ ಕಳೆದು ಇನ್ನೂ ಇಪ್ಪತ್ತು ಗಂಟೆ ಆಗಿರಲಿಲ್ಲ. ವೈರಸ್ಸು ಒಳಹೊಕ್ಕ ಜೀವಕೋಶ ಮಿಣುಕುವ ಹಾಗೆ ಅದಕ್ಕೆ ಮಿಂಚುಹುಳದ ಒಂದು ಗುಣವನ್ನು ಸೇರಿಸಿರುತ್ತಾರೆ. ಎಷ್ಟು ಬೆಳಕೋ ಅಷ್ಟು ಸೋಂಕು. ಬೆಳಕನ್ನು ಎಣಿಸಲು ಒಂದು ಯಂತ್ರವಿದೆ. ನೆಫ್ ಇರುವ ವೈರಸ್ಸು ಹೆಚ್ಚು ಬೆಳಗಬೇಕು, ಇಲ್ಲದ್ದು ಮಂಕಾಗಿರಬೇಕು. ಯಂತ್ರ ಅದನ್ನು ತಿರುಗಿಸಿ ಹೇಳಿತು. ಕಳೆಯುವ ಗುರುತಿನದು ಇಪ್ಪತ್ತು ಪಟ್ಟು ಬೆಳಗಿತ್ತು. ಅವಳು ಯಂತ್ರವನ್ನು ಆರಿಸಿ ಹಚ್ಚಿದಳು. ಅದು ಅದನ್ನೇ ಹೇಳಿತು. ಅವಳು ಹಿಂದಿರುಗಿ ನೋಡಿದರೆ ಮೇಷ್ಟ್ರು ನಿಂತಿದ್ದರು. ಅವರನ್ನು ಎಲ್ಲರೂ ಬೆನ್ನ ಹಿಂದೆ ಮೇಷ್ಟ್ರು ಎನ್ನುತ್ತಿದ್ದರು, ಎದುರಿಗೆ ಸರ್. ಹನ್ನೆರಡು ವರ್ಷದಿಂದ ಅವರು ಹನಿ ಅಳೆದು ಹಾಕುವ ಪಿಪೆಟ್ಟನ್ನು ಮುಟ್ಟಿರಲಿಲ್ಲ; ಕೊನೆಯ ಸಲ ಮುಟ್ಟಿದಾಗ ಒಂದು ವಾರದ ಕೆಲಸ ಚರಂಡಿಗೆ ಹೋಗಿದ್ದರಿಂದ ವಿದ್ಯಾರ್ಥಿಗಳು ಬಹಳ ಗೌರವದಿಂದ ಅವರನ್ನು ಮೇಜಿನ ಹಿಂದೆ ಕೂರಿಸಿದ್ದರು. ಅಲ್ಲಿಂದ ಅವರಿಗೆ ಸಿಗುತ್ತಿದ್ದದ್ದು ಗ್ರಾಫುಗಳು ಮಾತ್ರ. ಅವರು ಆ ಗ್ರಾಫನ್ನು ನೋಡಿದರು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಆಮೇಲೆ ಅವಳ ಕೈ ಹಿಡಿದುಕೊಂಡು ಅದು ಚಿನ್ನದ ಕೈ ಎಂದರು. ಗ್ಲೌಸು ಹಾಕಿದ ಕೈ. ಗ್ಲೌಸಿನೊಳಗೆ ಚಿನ್ನ ಬೆವರಿತು.

ಲ್ಯಾಬು ತಲುಪಿದಾಗ ಮೇಷ್ಟ್ರ ಕೋಣೆಯ ಹಲಗೆಯ ತುಂಬ ಅವರು ಬರೆದ ಬಾಣಗಳಿದ್ದವು. ಅವರು ತಲೆ ಬಾಚಿಕೊಂಡು ಬಂದಿದ್ದರು. ಅವರ ತಲೆಯಲ್ಲಿ ಬಾಚುವಷ್ಟು ಕೂದಲಿದೆ ಎಂಬುದು ಅವಳಿಗೆ ಅಂದೇ ತಿಳಿದದ್ದು. ನೆಫ್ ಅನ್ನು ಮೊದಲು ಕಂಡವರು ಅದು ವೈರಸ್ಸಿಗೆ ಅಡ್ಡಿ ಮಾಡುತ್ತದೆಂದು ತಿಳಿದು ಅದೇ ಅರ್ಥದ ಹೆಸರಿಟ್ಟಿದ್ದರು, ಆಮೇಲೆ ಬಂದವರು ಅಲ್ಲ, ಅದು ಸಹಾಯ ಮಾಡುತ್ತದೆ ಎಂದು ತೋರಿಸಿದರು, ತಪ್ಪು ಹೆಸರು ಮಾತ್ರ ಹಾಗೇ ಉಳಿಯಿತು. ಈಗ ಮೇಷ್ಟ್ರು ಹೇಳುವುದೇನೆಂದರೆ ಹೆಸರು ತಪ್ಪಲ್ಲ. ನಮ್ಮ ಜೀವಕೋಶಗಳಲ್ಲಿ ನೆಫ್ ನಿಜವಾಗಿಯೂ ಅಡ್ಡಿ. ಆ ಮೊದಲಿನವರಿಗೆ, ಪಾಪ, ಇಷ್ಟು ವರ್ಷದ ಮೇಲೆ ನ್ಯಾಯ ಸಿಕ್ಕಿತು. ಮುಂದಿನ ಬುಧವಾರ ಇಡೀ ವಿಭಾಗದ ಮೀಟಿಂಗು ಕರೆದಿದ್ದೇನೆ, ಹೊರಗಿನಿಂದ ಇಬ್ಬರು ಹಿರಿಯರು ಬರುತ್ತಾರೆ, ಗ್ರಾಫನ್ನು ಬಾಗಿಲಿನಷ್ಟು ದೊಡ್ಡದಾಗಿ ಮುದ್ರಿಸಲು ಕೊಟ್ಟಿದ್ದೇನೆ ಎಂದರು. ಅವಳು ಬಾಯಿ ತೆರೆದಳು. “ಸರ್, ಸೋಮವಾರ ನಾನು ಟ್ಯೂಬ್ ತೆಗೆದಾಗ” ಎಂಬಲ್ಲಿಗೆ ಬಂದಳು. ಅವರು ಕೈ ಎತ್ತಿ, ಆ ಕ್ಷಣ ತಮಗೂ ಗೊತ್ತು, ದೊಡ್ಡದು ಏನೋ ಆಗುವ ಮೊದಲು ಕೈಗೆ ಅದು ಗೊತ್ತಾಗುತ್ತದೆ, ಅದನ್ನು ಮಾತಿನಲ್ಲಿ ಹಾಳು ಮಾಡಬಾರದು ಎಂದರು. ಅವಳು ಹಾಳು ಮಾಡಲಿಲ್ಲ. ಗಾಜಿನ ಗುಂಡಿನ ಕೆಳಗಿನ ಕಾಗದ ಫ್ಯಾನಿನ ಗಾಳಿಗೆ ಒಂದು ಮೂಲೆ ಎತ್ತಿ ಅವಳನ್ನು ನೋಡಿತು.

ಹೊರಗೆ ಟಪಾಲು ಕಾದಿದ್ದಳು. ಅವಳ ಸಹೋದ್ಯೋಗಿ, ಅವಳಿಗಿಂತ ಹತ್ತು ವರ್ಷ ಚಿಕ್ಕವಳು; ಯಾವ ಸುದ್ದಿಯನ್ನೂ ಒಂದು ಮಹಡಿಯಿಂದ ಇನ್ನೊಂದು ಮಹಡಿಗೆ ಲಿಫ್ಟಿಗಿಂತ ಬೇಗ ಮುಟ್ಟಿಸುತ್ತಾಳೆಂದು ಆ ಹೆಸರು. ಸೋಮವಾರ ಬಾಗಿಲಿನಿಂದ ಕರೆದವಳೂ ಅವಳೇ. ಯಾಕೆ ಕರೆದಿದ್ದೆ ಎಂದು ಕೇಳಿದರೆ, ಮೂರನೇ ಮಹಡಿಯ ಗುಮಾಸ್ತ ಮೀಸೆ ತೆಗೆದದ್ದನ್ನು ಹೇಳಲು ಎಂದಳು. ಒಂದು ಮೀಸೆಗಾಗಿ, ಎಂದುಕೊಂಡಳು ಅವಳು. ವೈರಸ್ಸೊಂದರ ಮೂವತ್ತು ವರ್ಷದ ಚರಿತ್ರೆ ತಿರುಗುಮುರುಗಾದದ್ದು ಒಂದು ಮೀಸೆಗಾಗಿ. ತಾನು ಮೀಸೆಯ ಸುದ್ದಿಗೆ ತಲೆ ತಿರುಗಿಸುವಂಥವಳೇ ಎಂದೂ ಯೋಚಿಸಿದಳು. ಹೌದು, ತಿರುಗಿಸಿದ್ದಳು, ಅಷ್ಟೇ ಅಲ್ಲ, ನಿಜವಾಗಿಯೂ ತೆಗೆದನಾ ಎಂದು ಕೇಳಿದ್ದಳು.

ಅಂದು ಸಂಜೆ ಎಲ್ಲರೂ ಹೋದ ಮೇಲೆ, ಅದೇ ಬ್ಯಾಚಿನ ಬೇರೆ ಎರಡು ಟ್ಯೂಬು, ಮೈಮೇಲೆ ಗುರುತಿದ್ದಂಥವನ್ನು ತೆಗೆದು ಅವಳು ಪ್ರಯೋಗವನ್ನು ಮೊದಲಿನಿಂದ ಮಾಡಿದಳು. ಹದಿಮೂರು ವರ್ಷದಿಂದ ಮಾಡುತ್ತಿದ್ದ ಕೆಲಸ ಕದ್ದು ಮಾಡಿದಾಗ ಬೇರೆಯೇ ಆಗಿತ್ತು. ಹುಡ್ಡಿನ, ಅಂದರೆ ಅವರು ಕೈ ತೂರಿಸಿ ಕೆಲಸ ಮಾಡುವ ಗಾಜಿನ ಗೂಡಿನ, ಗಾಳಿಯ ಸದ್ದು ಜೋರಾಗಿ ಕೇಳಿತು. ಯಾರಾದರೂ ಬಂದರೆ ಏನು ಹೇಳುವುದೆಂದು ಮೂರು ಸುಳ್ಳು ಸಿದ್ಧಮಾಡಿಟ್ಟುಕೊಂಡಳು, ಯಾರೂ ಬರಲಿಲ್ಲ, ಸುಳ್ಳುಗಳು ವ್ಯರ್ಥವಾದವೆಂದು ಒಂದು ಗಳಿಗೆ ಬೇಜಾರಾಯಿತು. ಶುಕ್ರವಾರವಿಡೀ ಇನ್‌ಕ್ಯುಬೇಟರಿನ ಮುಂದೆ ಓಡಾಡಿದಳು. ಒಳಗೆ ಬೆಚ್ಚಗೆ ಕೂತು ನೆಫ್ ಇಲ್ಲದ ವೈರಸ್ಸುಗಳು ಸೆರಿಂಕ್ ಮೆತ್ತಿದ ಹೊದಿಕೆಯಲ್ಲಿ ಬಾಗಿಲು ಬಾಗಿಲು ತಟ್ಟುತ್ತಿರಬಹುದು, ನೆಫ್ ಇದ್ದವು ಆಗಲೇ ಒಳಗೆ ಹೋಗಿ ಚಪ್ಪಲಿ ಬಿಟ್ಟಿರಬಹುದು. ಇಷ್ಟು ವರ್ಷ ಅವಳು ವೈರಸ್ಸಿನ ಪರ ಒಂದು ದಿನವೂ ಯೋಚಿಸಿದವಳಲ್ಲ. ಈಗ ಯಾವುದು ಗೆಲ್ಲಲಿ ಎಂದು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಇಲ್ಲದ್ದು ಬೆಳಗಿದರೆ ಅವಳು ಉಳಿಯುತ್ತಾಳೆ, ಇದ್ದದ್ದು ಬೆಳಗಿದರೆ ಜಗತ್ತು ಇದ್ದಂತೆ ಉಳಿಯುತ್ತದೆ.

ಶನಿವಾರ ಸಂಜೆ ಯಂತ್ರ ಎಣಿಸಿತು. ಜಗತ್ತು ಇದ್ದಂತೆ ಉಳಿಯಿತು. ಕೂಡಿಸುವ ಗುರುತಿನದು ಇಪ್ಪತ್ತು ಪಟ್ಟು ಬೆಳಗಿತ್ತು, ಎಲ್ಲ ಪುಸ್ತಕಗಳಲ್ಲೂ ಹೇಳಿದ ಹಾಗೆ, ಒಳ್ಳೆಯ ವಿದ್ಯಾರ್ಥಿಯ ಹಾಗೆ.

ಭಾನುವಾರವೆಂಬ ದಿನ ಹೇಗೆ ಹೋಯಿತೆಂದು ಅವಳು ಹೇಳಲಾರಳು. ಬಟ್ಟೆ ಒಗೆದಳು. ಗಂಡ, ಹೇಳಿಬಿಡು, ಹೇಳಿದರೆ ಕೊಲ್ಲುತ್ತಾರಾ ಎಂದ. ಕೊಲ್ಲುವುದಿಲ್ಲ, ಸಹಿ ಹಾಕುವುದಿಲ್ಲ. ಬಟ್ಟೆ ಹಿಂಡುವಾಗ, ಒಣಹಾಕುವಾಗ, ಕ್ಲಿಪ್ಪು ಸಿಕ್ಕಿಸುವಾಗ ಅವಳು ಸೋಮವಾರದ ಆ ಎರಡು ನೀಲಿ ವೃತ್ತಗಳನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವು ಚಲಿಸತೊಡಗಿದವು. ಗುರುವಾರ ಅವಳಿಗೆ ಏನೂ ನೆನಪಿರಲಿಲ್ಲ. ಶನಿವಾರ ಬಲಗೈ ಎಡಕ್ಕೆ ಹೋದಂತೆ ಮಸುಕಾಗಿ ಕಂಡಿತ್ತು. ಭಾನುವಾರ ಸಂಜೆಯ ಹೊತ್ತಿಗೆ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಎಡಗಡೆಯ ಮುಚ್ಚಳವನ್ನು ಎತ್ತಿ ಬಲಗಡೆಯ ಟ್ಯೂಬಿಗೆ ತಿರುಪಿದ್ದು, ಆಗ ಗ್ಲೌಸು ಒಂದು ಚೂರು ಮಡಿಚಿಕೊಂಡದ್ದು, ಎಲ್ಲವೂ ಸ್ಪಷ್ಟವಾಗಿ ಕಂಡಿತು. ತಾನೇ. ಸಂಶಯವಿಲ್ಲ. ತಪ್ಪನ್ನು ಇಷ್ಟು ಚೆನ್ನಾಗಿ ಕಂಡುಕೊಂಡ ಮೇಲೆ ಅದನ್ನು ಹೇಳದೆ ಇಟ್ಟುಕೊಳ್ಳುವುದು ಕಷ್ಟ.

ಸೋಮವಾರ ಬೆಳಿಗ್ಗೆ ಮೇಷ್ಟ್ರ ಕೋಣೆಗೆ ಹೋಗಿ ಬಾಗಿಲು ಮುಚ್ಚಿ, ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದಳು. ಮುಚ್ಚಳದ ಮೇಲೆ ಮಾತ್ರ ಬರೆದದ್ದು, ಅಂಗಾತ ಇಟ್ಟದ್ದು, ಮೀಸೆ, ಹೆಬ್ಬೆರಳು, ಗ್ಲೌಸಿನ ಮಡಿಕೆ, ಕದ್ದು ಮಾಡಿದ ಪ್ರಯೋಗ, ಶನಿವಾರದ ಬೆಳಕು. ಹಲಗೆಯ ಮೇಲಿನ ಬಾಣಗಳೆಲ್ಲ ಅವಳ ಕಡೆ ತಿರುಗಿದಂತೆನ್ನಿಸಿತು. ಮೇಷ್ಟ್ರ ಮುಖ ಮೊದಲು ಬಿದ್ದುಹೋಯಿತು; ಬಾಗಿಲಿನಷ್ಟು ದೊಡ್ಡ ಗ್ರಾಫು ಅವರ ಮುಖದ ಹಿಂದೆಲ್ಲೋ ಕುಸಿಯುವುದು ಅವಳಿಗೆ ಕಂಡಿತು. ಆಮೇಲೆ ನಡೆದದ್ದು ಅವಳಿಗೆ ಆಗ ಅರ್ಥವಾಗಲಿಲ್ಲ.

“ಮುಚ್ಚಳ ನಿಮ್ಮ ಕೈಯಲ್ಲೇ ಅದಲುಬದಲಾಗಿದ್ದು?” ಎಂದರು.

“ಹೌದು ಸರ್.”

“ಖಾತ್ರಿಯಾ?”

“ಖಾತ್ರಿ ಸರ್.”

“ಬೇರೆ ಹೇಗೂ ಆಗಿರಕ್ಕೆ ಸಾಧ್ಯ ಇಲ್ಲ?”

“ಇಲ್ಲ ಸರ್. ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.”

ಅವರ ಬೆನ್ನು ಕುರ್ಚಿಗೆ ಒರಗಿತು. ಭುಜ ಇಳಿಯಿತು. ಮುಖಕ್ಕೆ ನಿಧಾನವಾಗಿ ರಕ್ತ ಬಂತು. ಮನುಷ್ಯರೆಂದ ಮೇಲೆ ತಪ್ಪಾಗುತ್ತದೆ ಎಂದರು. ಅವಳು ಅಳುವುದಿಲ್ಲವೆಂದು ನಿಶ್ಚಯಿಸಿಕೊಂಡು ಬಂದಿದ್ದಳು, ಅತ್ತಳು. ಅವರು ಎದ್ದು ಬಂದು ತಾವೇ ನೀರು ಕೊಟ್ಟರು. ಇದನ್ನು ಹೇಳುವುದಕ್ಕೆ ಎಂಥ ಎದೆ ಬೇಕು ಎಂದರು. ಗಾಜಿನ ಗುಂಡು ಎತ್ತಿ, ಕಾಗದ ಎಳೆದು, ಹಸಿರು ಇಂಕಿನಲ್ಲಿ ಸಹಿ ಹಾಕಿ ಅವಳ ಕೈಗಿಟ್ಟರು. ಹನ್ನೊಂದು ತಿಂಗಳು. ಇಷ್ಟು ಉದಾರವಾಗಿ ಯಾರೂ ಅವಳನ್ನು ಕ್ಷಮಿಸಿರಲಿಲ್ಲ. ಮೆಟ್ಟಿಲಿಳಿಯುವಾಗ ಅವಳಿಗೆ ಮೇಷ್ಟ್ರ ಬಗ್ಗೆ ಹದಿಮೂರು ವರ್ಷದಲ್ಲಿ ಯೋಚಿಸಿದ ಎಲ್ಲ ಸಣ್ಣ ಮಾತುಗಳೂ ನೆನಪಾಗಿ ಮುಖ ಬಿಸಿಯಾಯಿತು.

ಬುಧವಾರದ ಮೀಟಿಂಗು ರದ್ದಾಗಲಿಲ್ಲ. ಹಿರಿಯರಿಬ್ಬರು ಹೊರಟಾಗಿತ್ತು, ತಿಂಡಿ ಹೇಳಿಯಾಗಿತ್ತು. ಮೇಷ್ಟ್ರು ಗ್ರಾಫಿನ ಬದಲು ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ಒಂದು ಗಂಟೆ ಮಾತಾಡಿದರು. ವಿಜ್ಞಾನದಲ್ಲಿ ತಪ್ಪು ದೊಡ್ಡದಲ್ಲ, ಒಪ್ಪಿಕೊಳ್ಳುವುದು ದೊಡ್ಡದು ಎಂದು ಹೇಳಿ, ಹೆಸರು ಹೇಳುವುದಿಲ್ಲ ಎಂದು ಅವಳ ಕಡೆ ಕೈ ತೋರಿಸಿದರು. ನಲವತ್ತು ತಲೆಗಳು ತಿರುಗಿದವು. ಹಿರಿಯರಲ್ಲಿ ಒಬ್ಬರು, ನಮ್ಮ ಲ್ಯಾಬಿನಲ್ಲಿ ಮೈಮೇಲೂ ಬರೆಯುತ್ತೇವೆ ಎಂದರು. ಅವಳು ಎದ್ದು ನಿಂತು ಎಲ್ಲವನ್ನೂ ಇನ್ನೊಮ್ಮೆ ಹೇಳಬೇಕಾಯಿತು, ಹೆಬ್ಬೆರಳಿನ ಸಮೇತ. ಸೋಮವಾರಕ್ಕಿಂತ ಚೆನ್ನಾಗಿ ಹೇಳಿದಳು. ಗ್ಲೌಸಿನ ಮಡಿಕೆಯ ಜೊತೆಗೆ ಈಗ ಮುಚ್ಚಳ ತಿರುಗುವಾಗಿನ ಸಣ್ಣ ಕಿರ್ ಸದ್ದೂ ಸೇರಿಕೊಂಡಿತ್ತು. ಕೂತಾಗ ಟಪಾಲು ಅವಳ ತೊಡೆ ತಟ್ಟಿ, “ಧೈರ್ಯ ಅಕ್ಕ ನಿಂದು” ಎಂದಳು, ಮತ್ತು ಆ ಧೈರ್ಯವನ್ನು ಮೂರನೇ ಮಹಡಿಗೆ ಮುಟ್ಟಿಸಲು ಎದ್ದಳು. ಮೀಟಿಂಗು ಮುಗಿದು ಕೆಳಗೆ ಬಂದರೆ ಫ್ರೀಜರಿನ ಮೇಲಿನ ಸೂಚನೆಯಲ್ಲಿ ‘ಅದು ನಡೆಯುತ್ತದೆ’ ಎಂಬುದರ ಕೆಳಗೆ ಯಾರೋ ಎರಡು ಗೆರೆ ಎಳೆದಿದ್ದರು. ಕೊನೆಗೂ ಯಾರೋ ಅದನ್ನು ಓದಿದ್ದರು.

ಶುಕ್ರವಾರ ತಿಂಗಳ ಕೊನೆಯ ದಿನ. ಹುಡ್ಡು ಇರುವ ಕೋಣೆಯಲ್ಲಿ ಒಂದು ರಿಜಿಸ್ಟರು ನೇತಾಡುತ್ತದೆ, ಹುಡ್ಡಿನಲ್ಲಿ ಕೂತವರೆಲ್ಲ ತಮ್ಮ ತಮ್ಮ ಪುಟದಲ್ಲಿ ದಿನ, ವೇಳೆ, ಉದ್ದೇಶ, ಷರಾ ಬರೆಯಬೇಕು. ಒಬ್ಬೊಬ್ಬರಿಗೆ ಒಂದೊಂದು ಪುಟ. ತಿಂಗಳ ಕೊನೆಗೆ ಎಲ್ಲ ಪುಟಗಳನ್ನೂ ಓದಿ ಕೆಳಗೆ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕುವುದು ಅವಳ ಕೆಲಸ. ಆ ರಿಜಿಸ್ಟರನ್ನು ಓದುವ ಏಕೈಕ ಜೀವಿ ಅವಳು. ಸಂಜೆ ಕೂತು ಒಂದೊಂದೇ ಪುಟಕ್ಕೆ ಸಹಿ ಹಾಕುತ್ತ ಬಂದಳು. ಕೊನೆಯ ಪುಟ ಮೇಷ್ಟ್ರದ್ದು. ಹನ್ನೆರಡು ವರ್ಷದಿಂದ ಖಾಲಿ ಪುಟ. ಖಾಲಿ ಪುಟವನ್ನು ಪರಿಶೀಲಿಸಿ ಅವಳು ಪ್ರತಿ ತಿಂಗಳೂ ಸಹಿ ಹಾಕುತ್ತಿದ್ದಳು. ಪೆನ್ನು ತಾನಾಗಿ ಕೆಳಗಿಳಿಯಿತು, ನಿಂತಿತು. ಪುಟದಲ್ಲಿ ಒಂದು ಸಾಲು ಇತ್ತು, ಹಸಿರು ಇಂಕಿನಲ್ಲಿ, ದುಂಡಗೆ. ತಾರೀಖು ಅವಳು ಟ್ಯೂಬು ತೆರೆದ ಸೋಮವಾರದ ಹಿಂದಿನ ದಿನದ್ದು, ಭಾನುವಾರ. ಸಂಜೆ ನಾಲ್ಕು ಹತ್ತರಿಂದ ನಾಲ್ಕು ಮೂವತ್ತೈದು. ಉದ್ದೇಶ: ಸುಮ್ಮನೆ. ಷರಾ: ಮುಂದಿನ ಸಾಲಿನ, ಮುಚ್ಚಳದ ಮೇಲೆ ಮಾತ್ರ ಗುರುತಿದ್ದ ಎರಡು ಟ್ಯೂಬು ತೆರೆದು ನೋಡಿದೆ. ಮುಚ್ಚಳಗಳು ಉರುಳಿದವು. ಅಂದಾಜಿನ ಮೇಲೆ ಹಾಕಿ ಮತ್ತೆ ಫ್ರೀಜರಿನಲ್ಲಿಟ್ಟೆ.

ಅವಳು ಅದನ್ನು ಮೂರು ಸಲ ಓದಿದಳು. ಭಾನುವಾರದ ಖಾಲಿ ಕಟ್ಟಡದಲ್ಲಿ, ಯಾರೂ ತಡೆಯದ ಹೊತ್ತಿನಲ್ಲಿ, ಆ ದೊಡ್ಡ ಮನುಷ್ಯ ಗ್ಲೌಸು ಹಾಕಿಕೊಂಡು ಹುಡ್ಡಿನ ಮುಂದೆ ಕೂತದ್ದು ಕಂಡಿತು. ಕದ್ದು ಬಂದವರು ರಿಜಿಸ್ಟರಿನಲ್ಲಿ ಬರೆದುಹೋಗಿದ್ದಾರೆ. ಕಲಿತ ಶಿಸ್ತು ಕಳ್ಳತನದಲ್ಲೂ ಬಿಟ್ಟಿಲ್ಲ. ಮೊದಲು ಅವಳಿಗೆ ನಗು ಬಂತು. ಆಮೇಲೆ ಸಿಟ್ಟು ಬಂತು: ನಲವತ್ತು ತಲೆಗಳು, ಹೆಬ್ಬೆರಳು, ಕಿರ್ ಸದ್ದು. ಆ ಕಿರ್ ಸದ್ದನ್ನು ಅವಳು ಎಲ್ಲಿಂದ ತಂದಳು? ತಾನು ಸರಿಯಾಗೇ ಹಾಕಿದ್ದೆ ಎಂದಾಯಿತು. ಅಥವಾ ಆಗಲಿಲ್ಲವೇ? ಅವಳು ಲೆಕ್ಕ ಹಾಕಿದಳು. ಮೇಷ್ಟ್ರ ಅಂದಾಜು ತಪ್ಪಿ, ಅವಳು ಸರಿಯಾಗಿ ಹಾಕಿದ್ದರೆ ಫಲಿತಾಂಶ ತಿರುಗುಮುರುಗು. ಮೇಷ್ಟ್ರ ಅಂದಾಜು ಸರಿಯಾಗಿ, ಅವಳು ತಪ್ಪಿದ್ದರೂ ತಿರುಗುಮುರುಗು. ಇಬ್ಬರಲ್ಲಿ ಒಬ್ಬರು ಮಾತ್ರ ತಪ್ಪಿದ್ದಾರೆ, ಯಾರೆಂದು ಹೇಳುವುದಕ್ಕೆ ಯಾವ ಯಂತ್ರವೂ ಇಲ್ಲ. ಇಬ್ಬರೂ ತಪ್ಪಿದ್ದರೆ ಎಲ್ಲವೂ ಸರಿಯಾಗಿ ಬರುತ್ತಿತ್ತು.

ಬಾಗಿಲ ಹತ್ತಿರ ಯಾರೋ ಗಂಟಲು ಸರಿಮಾಡಿಕೊಂಡರು. ಮೇಷ್ಟ್ರು. ಅವರ ಕಣ್ಣು ಅವಳ ಮುಖಕ್ಕೆ ಹೋಗದೆ ರಿಜಿಸ್ಟರಿಗೇ ಹೋಯಿತು.

“ತಿಂಗಳ ಕೊನೆ ಅಲ್ವಾ ಇವತ್ತು” ಎಂದರು.

“ಹೌದು ಸರ್.”

“ಎಲ್ಲಾ ಪುಟಾನೂ ಓದ್ತೀರಾ?”

“ಓದೇ ಸಹಿ ಹಾಕೋದು ಸರ್.”

ಅವರು ಒಳಗೆ ಬಂದು, ಹುಡ್ಡಿನ ಗಾಜಿನ ಮೇಲೆ ಇಲ್ಲದ ಧೂಳನ್ನು ಒರೆಸಿದರು. ಅವರ ಕೈಯನ್ನು ಅವಳು ಸರಿಯಾಗಿ ಗಮನಿಸಿದ್ದು ಅದೇ ಮೊದಲು. ಬೆರಳುಗಳು ದಪ್ಪ, ಮೃದು, ಕೆಲಸವಿಲ್ಲದವು. ಫಲಿತಾಂಶ ಬಂದ ದಿನ ತಮಗೆ ಭಾನುವಾರದ್ದು ನೆನಪೇ ಆಗಲಿಲ್ಲವೆಂದು ಅವರು ಗಾಜಿಗೆ ಹೇಳಿದರು. ನೆನಪಾದದ್ದು ಶನಿವಾರ. ಆಗಿನಿಂದ ನಿದ್ದೆ ಇರಲಿಲ್ಲ.

“ಬುಧವಾರ ಎಲ್ಲರ ಎದುರಿಗೆ ಹೇಳಿಬಿಡಬೇಕು ಅಂತಿದ್ದೆ ಕಣಮ್ಮ. ನೀವು ಸೋಮವಾರವೇ ಬಂದುಬಿಟ್ರಿ.”

ಅವಳಿಗೆ ಹೇಳಲು ಬಹಳ ಮಾತಿದ್ದವು. ಹದಿಮೂರು ವರ್ಷದ ಮಾತುಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿದ್ದವು. ಈ ಪುಟವನ್ನು ಮೇಲಿನವರಿಗೆ ತೋರಿಸಬಹುದಿತ್ತು. ಅವಳ ಮರ್ಯಾದೆಯ ಅರ್ಧವಾದರೂ ವಾಪಸು ಬರುತ್ತಿತ್ತು, ಅವರದು ಅರ್ಧ ಹೋಗುತ್ತಿತ್ತು, ಹುಡ್ಡಿನ ಕೋಣೆಗೆ ಅವರು ಇನ್ನೆಂದೂ ಕಾಲಿಡುವ ಹಾಗಿರಲಿಲ್ಲ. ಸುಳ್ಳು ಗ್ರಾಫು ಹೇಗೂ ಹರಿದುಹೋಗಿತ್ತು. ನೆಫ್ ತನ್ನ ಕೆಲಸವನ್ನು, ಅಂದರೆ ಇನ್ನೊಬ್ಬರ ಕೈಯಲ್ಲಿ ಮಾಡಿಸುವ ಕೆಲಸವನ್ನು, ಜಗತ್ತಿನ ಎಲ್ಲ ಕಡೆಯೂ ಮಾಡುತ್ತಲೇ ಇತ್ತು. ಸಹಿಯಾದ ಕಾಗದ ಅವಳ ಚೀಲದಲ್ಲಿತ್ತು ಎಂಬುದನ್ನೂ ಅವಳು ಮರೆತಿರಲಿಲ್ಲ. ತಾನು ಬರೀ ಕರುಣೆಯಿಂದ ಸುಮ್ಮನಿದ್ದೇನೆಂದು ಆಮೇಲೆ ತನಗೇ ಹೇಳಿಕೊಳ್ಳದಿರಲಿ ಎಂದು ಅದನ್ನು ಬೇಕೆಂದೇ ನೆನಪಿಸಿಕೊಂಡಳು.

“ಷರಾ ಸ್ಪಷ್ಟವಾಗಿದೆ ಸರ್” ಎಂದಳು. ಪುಟದ ಕೆಳಗೆ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕಿದಳು.

ಮೇಷ್ಟ್ರು ಅದನ್ನು ನೋಡಿದರು. ಹೊರಡದೆ ನಿಂತರು. ಈಗಿನ ಪಿಪೆಟ್ಟುಗಳಲ್ಲಿ ಹೆಬ್ಬೆರಳಿಗೆ ಎರಡು ಗುಂಡಿ ಇದೆಯಲ್ಲ, ಅದರಲ್ಲಿ ಎರಡನೆಯದು ಯಾತಕ್ಕೆ ಎಂದು ಬಹಳ ಸಣ್ಣ ದನಿಯಲ್ಲಿ ಕೇಳಿದರು. ಯಾರನ್ನು ಕೇಳುವುದೆಂದು ಗೊತ್ತಾಗದೆ ಎಷ್ಟೋ ವರ್ಷವಾಯಿತಂತೆ. ಅವಳು ಒಂದು ಪಿಪೆಟ್ಟು ತೆಗೆದು ಕೈಗೆ ಕೊಟ್ಟಳು, ಬರಿ ನೀರಿನ ಲೋಟ ಮುಂದಿಟ್ಟಳು. ಅವರು ನೀರು ಎಳೆದರು, ಬಿಟ್ಟರು. ಎರಡನೆಯ ಗುಂಡಿ ಒತ್ತಿದಾಗ ಪಿಪೆಟ್ಟಿನ ತುದಿ ಕಳಚಿ ಲೋಟದೊಳಕ್ಕೆ ಬಿತ್ತು. ಅದಕ್ಕೇ ಎಂದಳು ಅವಳು. ಮೇಷ್ಟ್ರು ಇನ್ನೊಂದು ತುದಿ ಹಾಕಿ ಅದನ್ನೂ ಬೀಳಿಸಿದರು. ಹನ್ನೊಂದು ತುದಿ ಬೀಳಿಸಿದ ಮೇಲೆ ಮನೆಗೆ ಹೊತ್ತಾಯಿತೆಂದು ಹೋದರು.

ಗೇಟಿನ ಹತ್ತಿರ ಟಪಾಲು ಬಸ್ಸಿಗೆ ಕಾಯುತ್ತಿದ್ದಳು. ಕಾಯುತ್ತಿದ್ದದ್ದು ಬಸ್ಸಿಗೇ ಆಗಿದ್ದರೆ ಎರಡು ಬಸ್ಸು ಬಿಟ್ಟಿರುತ್ತಿರಲಿಲ್ಲ. ಹುಡ್ಡಿನ ಕೋಣೆಯ ದೀಪ ಇಷ್ಟು ಹೊತ್ತು ಉರಿಯುತ್ತಿದ್ದುದನ್ನು, ಮೇಷ್ಟ್ರು ಅಲ್ಲಿಂದ ಹೊರಬಂದದ್ದನ್ನು ಅವಳು ನೋಡಿದ್ದಳು.

“ಏನಕ್ಕ, ಮೇಷ್ಟ್ರು ಅಲ್ಲಿ ಏನ್ ಮಾಡ್ತಿದ್ರು?”

ಇಷ್ಟು ವರ್ಷದಲ್ಲಿ ಟಪಾಲಿಗೆ ಕೊಡಬಹುದಾದ ಒಂದು ಸುದ್ದಿ ಅವಳ ಹತ್ತಿರ ಇದ್ದದ್ದು ಇದೇ ಮೊದಲು. ಗುಮಾಸ್ತನ ಮೀಸೆ ಅದರ ಮುಂದೆ ಏನೂ ಅಲ್ಲ. ಅದು ನಾಲಿಗೆಯ ತುದಿಗೆ ಬಂದು, ಹಲ್ಲಿನ ಹಿಂದೆ, ರುಚಿಯಾಗಿ ಕೂತಿತು. ಟಪಾಲಿಗೆ ಹೇಳುವ ಮಾತೇ ಇಲ್ಲ. ಗಂಡನಿಗೂ ಹೇಳಬಾರದು, ಅವನು ಇದಕ್ಕೂ ಏನಾದರೂ ಸರಿಯಾದ ಮಾತು ಹೇಳಿಬಿಟ್ಟಾನು. ಅತ್ತೆಗೂ ಬೇಡ. ಯಾರಿಗೂ ಬೇಡ.

“ಏನಿಲ್ಲ,” ಎಂದಳು, “ಸುಮ್ಮನೆ.”

ಬಸ್ಸು ಬಂತು. ಟಪಾಲಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು ಅವಳು ಪಕ್ಕದಲ್ಲಿ ಕೂತಳು, ಮತ್ತು ದಾರಿಯುದ್ದಕ್ಕೂ ಗುಮಾಸ್ತನ ಮೀಸೆ ಮತ್ತೆ ಬೆಳೆಯುತ್ತಿರುವ ಕಥೆಯನ್ನು ಬಹಳ ಆಸಕ್ತಿಯಿಂದ ಕೇಳಿದಳು.